ಲಿಂಗಾಂತರಿ ಮಕ್ಕಳೂ ಶಾಲೆಯೂ: ಪೋಷಕರು ತಿಳಿದಿರಬೇಕಾದ ಕೆಲವು ಸಂಗತಿಗಳು



ಹೋದ ತಿಂಗಳ ಒಂದು ಭಾನುವಾರ ಸಂಜೆ, ಪತ್ರಿಕೆಗಳನ್ನೆಲ್ಲ ಮಡಿಸಿ ಕಪಾಟಿಗೆ ಇಡುವ ಹೊತ್ತಿಗೆ, ನಮ್ಮ ಸದಸ್ಯರೊಬ್ಬರು ಬಂದು ಬೆಂಚಿನ ತುದಿಯಲ್ಲಿ ಕುಳಿತರು. ರಾಯಚೂರು ಕಡೆಯವರು, ಕಟ್ಟಡದ ಕೆಲಸ. ಉಳಿದವರೆಲ್ಲ ಹೊರಟ ಮೇಲೆ ಮೆಲ್ಲಗೆ ಕೇಳಿದರು: "ಸರ, ನಮ್ಮ ತಂಗೀ ಮಗ ಏಳನೇ ಕ್ಲಾಸು. ನಾ ಹುಡುಗ ಅಲ್ಲ ಅಂತೈತಿ. ಎರಡು ತಿಂಗಳಾತು, ಸಾಲಿಗೆ ಹೋಗವಲ್ದು. ಹೆಸರು ಹೊಡದು ಹಾಕ್ತೀವಿ ಅಂತ ಮಾಸ್ತರು ಹೇಳ್ಯಾರ. ಇದಕ್ಕೇನಾರ ಕಾನೂನು ಐತೇನ್ರೀ?"

ನಾನು ಮೆಟ್ರಿಕ್ ಮುಗಿಸಿದ ಗಿರಣಿ ಗುಮಾಸ್ತ, ವಕೀಲನಲ್ಲ. ಆದರೆ ಕಾಗದಪತ್ರ ಓದುವುದು ನನ್ನ ಹೊಟ್ಟೆಪಾಡು. ನಾಲ್ಕು ವಾರ ಹುಡುಕಿ ಓದಿದ್ದನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆದಿದ್ದೇನೆ. ಇಂಥ ಪ್ರಶ್ನೆ ನಮ್ಮಲ್ಲಿ ಇನ್ನೊಬ್ಬರ ಮನೆಯಲ್ಲೂ ಇರಬಹುದು, ಬಾಯಿಬಿಟ್ಟು ಕೇಳಲು ನಾಚಿಕೆಪಡುತ್ತಿರಬಹುದು.

ನಾಚಿಕೆಗೆ ಕಾರಣವೇ ಇಲ್ಲ. ನಮ್ಮ ನಾಡಿಗೆ ಇದು ಹೊಸ ಸಂಗತಿಯಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಜೋಗಪ್ಪಗಳನ್ನು ಕಂಡೇ ಇರುತ್ತೀರಿ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಇದೇ ದಿಲ್ಲಿಗೆ ಬಂದು ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ಸ್ವೀಕರಿಸಿದರು. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡೂ ಅಲ್ಲದೆ 'ಇತರ' ಎಂಬ ಕಾಲಮಿನಲ್ಲಿ ಎಣಿಕೆಯಾದವರು ದೇಶದಲ್ಲಿ 4,87,803 ಮಂದಿ. ಅವರಲ್ಲಿ 54,854 ಮಂದಿ ಆರು ವರುಷದೊಳಗಿನ ಮಕ್ಕಳು. ಕೂಸುಗಳು ತಾವಾಗಿ ಲೆಕ್ಕ ಬರೆಸಲಾರವು. ಮನೆಯ ಹಿರಿಯರೇ ಬರೆಸಿದ್ದು.

ಇನ್ನು ಕಾನೂನಿನ ಮಾತು. 2014ನೆಯ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಲಿಂಗಾಂತರಿಗಳನ್ನು ಮೂರನೆಯ ಲಿಂಗವೆಂದು ಮಾನ್ಯಮಾಡಿ, ಅವರನ್ನು ಶಿಕ್ಷಣದಲ್ಲಿ ಹಿಂದುಳಿದವರಂತೆ ಕಾಣಬೇಕೆಂದು ಸರಕಾರಗಳಿಗೆ ಅಪ್ಪಣೆಮಾಡಿತು. ಅದೇ ವರುಷ ದಿಲ್ಲಿ ಸರಕಾರವು ಈ ಮಕ್ಕಳನ್ನು ಶಿಕ್ಷಣ ಹಕ್ಕು ಕಾಯಿದೆಯ ಅವಕಾಶವಂಚಿತ ವರ್ಗಕ್ಕೆ ಸೇರಿಸಿತು. ಅಂದರೆ ಖಾಸಗಿ ಶಾಲೆಗಳು ಬಿಟ್ಟುಕೊಡಬೇಕಾದ ನೂರಕ್ಕೆ 25 ಸೀಟುಗಳಲ್ಲಿ ಇವರಿಗೂ ಹಕ್ಕುಂಟಾಯಿತು. ಆದರೆ ಆ ಸೀಟುಗಳು ಶಾಲೆಗೆ ಮೊದಲು ಸೇರುವ ತರಗತಿಯಲ್ಲಿ ಸಿಗತಕ್ಕವು. ಏಳನೆಯ ತರಗತಿಯ ಮಗುವಿಗೆ ಅದರಿಂದ ಪ್ರಯೋಜನವಿಲ್ಲವೆಂದು ನಮ್ಮ ಸದಸ್ಯರಿಗೆ ಹೇಳಬೇಕಾಯಿತು.

ಅವರಿಗೆ ಉಪಯೋಗವಾದದ್ದು ಬೇರೆ. ಅದೇ 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಎಂಟನೆಯ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಹೊಡೆಯುವುದಾಗಲಿ, ಮನಸ್ಸಿಗೆ ಹಿಂಸೆ ಕೊಡುವುದಾಗಲಿ ಕೂಡದು. ಹೆಸರು ಹೊಡೆದುಹಾಕುತ್ತೇವೆಂಬ ಬೆದರಿಕೆ ಅಲ್ಲಿಗೆ ನಿಲ್ಲಬೇಕು. 2019ರಲ್ಲಿ ಲಿಂಗಾಂತರಿ ವ್ಯಕ್ತಿಗಳ ಹಕ್ಕುಗಳ ಸಂರಕ್ಷಣೆಗೆಂದೇ ಬಂದ ಕಾಯಿದೆಯು, ಸರಕಾರದ ಹಣವನ್ನೋ ಮಾನ್ಯತೆಯನ್ನೋ ಪಡೆದ ಶಾಲೆಗಳು ಪಾಠದಲ್ಲೂ ಆಟದಲ್ಲೂ ಭೇದವೆಣಿಸಬಾರದೆಂದು ವಿಧಿಸಿತು. 2020ರ ನಿಯಮಗಳು ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿಯೊಂದು ವಿದ್ಯಾಸಂಸ್ಥೆಯಲ್ಲಿಯೂ ಇಂಥ ವಿದ್ಯಾರ್ಥಿಗಳು ದೂರು ಹೇಳಿಕೊಳ್ಳಲು ಒಂದು ಸಮಿತಿ ಇರಬೇಕೆಂದೂ, ಪೀಡಿಸುವವರು ಉಪಾಧ್ಯಾಯರೇ ಆದರೂ ಅವರ ಕಾಟ ಮಗುವಿಗೆ ತಟ್ಟದಂತೆ ಮಾಡುವ ಅಧಿಕಾರ ಆ ಸಮಿತಿಗೆ ಇರಬೇಕೆಂದೂ ಹೇಳಿದವು. 'ಉಪಾಧ್ಯಾಯರೇ ಆದರೂ' ಎಂಬ ಮಾತನ್ನು ಓದಿದಾಗ, ಬರೆದವರಿಗೆ ಶಾಲೆಯ ಒಳಗು ಗೊತ್ತಿತ್ತು ಎನಿಸಿತು.

ಕಾಗದದ ಮೇಲೆ ಇಷ್ಟಿದ್ದರೂ ದಿಲ್ಲಿಯಲ್ಲಿ ತೊಡಕು ಮೊದಲಾಗುವುದು ಶಾಲೆಯ ಗೇಟಿನಲ್ಲಿಯೇ. ಇಲ್ಲಿಯ ಎಷ್ಟೋ ಸರಕಾರಿ ಶಾಲೆಗಳಲ್ಲಿ ಬೆಳಿಗ್ಗೆ ಹೆಣ್ಣುಮಕ್ಕಳ ಪಾಳಿ, ಮಧ್ಯಾಹ್ನ ಅದೇ ಕಟ್ಟಡದಲ್ಲಿ ಗಂಡುಮಕ್ಕಳ ಪಾಳಿ. ನಮ್ಮೂರ ಶಾಲೆಯಂತೆ ಎಲ್ಲರೂ ಒಂದೇ ಕೋಣೆಯಲ್ಲಿ ಕೂರುವುದಿಲ್ಲ. ಹೀಗಿರುವಲ್ಲಿ, ನಾನು ಹುಡುಗನಲ್ಲ ಎನ್ನುವ ಮಗು ಯಾವ ಪಾಳಿಗೆ ಹೋಗಬೇಕು? ಸಮವಸ್ತ್ರ ಯಾವುದು? ಶೌಚಾಲಯ ಯಾವುದು? ಈ ಕಡೆಯದು ಬಹಳ ಸಣ್ಣ ಮಾತೆಂದು ತೋರಬಹುದು. ನಮ್ಮ ಸದಸ್ಯರ ಮನೆಯ ಮಗು ಬೆಳಗಿನಿಂದ ನೀರೇ ಕುಡಿಯದೆ ಶಾಲೆಗೆ ಹೋಗುತ್ತಿತ್ತಂತೆ, ಅಲ್ಲಿ ಶೌಚಾಲಯಕ್ಕೆ ಹೋಗಬೇಕಾಗಿ ಬರದಿರಲೆಂದು. ತಾಯಿಗೆ ಇದು ತಿಳಿದದ್ದು ಜ್ವರ ಬಂದ ಮೇಲೆ.

ಈ ಪ್ರಶ್ನೆಗಳಿಗೆ ಉತ್ತರ ಬರೆಯುವ ಪ್ರಯತ್ನವೂ ನಡೆದಿತ್ತು. ಪಠ್ಯಪುಸ್ತಕ ಮಾಡುವ ಎನ್.ಸಿ.ಇ.ಆರ್.ಟಿ. ಸಂಸ್ಥೆ 2021ರಲ್ಲಿ ಉಪಾಧ್ಯಾಯರಿಗಾಗಿ ಒಂದು ಕೈಪಿಡಿಯನ್ನು ಹೊರತಂದಿತು. ಎಲ್ಲರಿಗೂ ಒಪ್ಪುವ ಶೌಚಾಲಯ, ಗಂಡುಹೆಣ್ಣೆಂದು ಮಕ್ಕಳನ್ನು ಬೇರೆ ಸಾಲು ನಿಲ್ಲಿಸದಿರುವುದು ಮೊದಲಾದ ಸಲಹೆಗಳು ಅದರಲ್ಲಿದ್ದವು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗದ ಆಕ್ಷೇಪಣೆ ಬಂದು ಆ ನವೆಂಬರಿನಲ್ಲಿಯೇ ಕೈಪಿಡಿ ಮಾಯವಾಯಿತು. ಆಕ್ಷೇಪಣೆಯಿದ್ದರೆ ತಿದ್ದಬಹುದಾಗಿತ್ತು, ಪೂರ್ತಿ ತೆಗೆದದ್ದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. 2023ರಲ್ಲಿ ಸಂಸ್ಥೆಯೇ ಇನ್ನೊಂದು ಕರಡನ್ನು ಸಿದ್ಧಪಡಿಸಿತು.

ಗುರುತಿನ ಪತ್ರದ ವಿಷಯ: ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು, ಹದಿನೆಂಟು ತುಂಬದವರ ಪರವಾಗಿ ತಂದೆತಾಯಿ ಅಥವಾ ಪೋಷಕರು ಹಾಕಬೇಕೆಂದು 2019ರ ಕಾಯಿದೆ ಗೊತ್ತುಮಾಡಿತು. ಇಂಥ ನಿಯಮಗಳಿಗೆ ತಿದ್ದುಪಡಿ ಬರುವುದುಂಟು. ಆದ್ದರಿಂದ ಅರ್ಜಿ ಹಾಕುವ ದಿನ ಕಚೇರಿಯಲ್ಲಿಯೇ ವಿಚಾರಿಸಿಕೊಳ್ಳಿ, ಗೇಟಿನ ಹೊರಗಿನ ದಲ್ಲಾಳಿಗಳ ಮಾತಿಗೆ ದುಡ್ಡು ಬಿಚ್ಚಬೇಡಿ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಸ್ಮೈಲ್ ಯೋಜನೆಯಲ್ಲಿ ಒಂಬತ್ತನೆಯ ತರಗತಿಯಿಂದ ಮೇಲಕ್ಕೆ ಓದುವ ಲಿಂಗಾಂತರಿ ವಿದ್ಯಾರ್ಥಿಗಳಿಗೆ ವರುಷಕ್ಕೆ 13,500 ರೂಪಾಯಿ ವಿದ್ಯಾರ್ಥಿವೇತನ ನಿಗದಿಯಾಯಿತು. ನಮಗೆ ಹತ್ತಿರದ ಮೈದಾನ್ ಗಢಿಯಲ್ಲಿರುವ ಇಗ್ನೋ ವಿಶ್ವವಿದ್ಯಾಲಯ 2017ರಲ್ಲಿ ಇವರಿಗೆ ಶುಲ್ಕವನ್ನೇ ಮಾಫಿ ಮಾಡಿತು. ಊರಿಗೆ ಮರಳುವ ಯೋಚನೆಯಿರುವವರಿಗೆ ಇನ್ನೊಂದು ಮಾತು: ಕರ್ನಾಟಕ ಸರಕಾರ 2021ರಲ್ಲಿ ತನ್ನ ನೌಕರಿಗಳಲ್ಲಿ ಇವರಿಗೆ ನೂರಕ್ಕೆ ಒಂದು ಸ್ಥಾನ ಮೀಸಲಿಟ್ಟಿತು. ಓದು ನಿಂತರೆ ಅದೂ ಕೈತಪ್ಪುತ್ತದೆ.

ಕಳೆದ ಸೋಮವಾರ ನಾನು ಅರ್ಧ ದಿನ ರಜೆ ಹಾಕಿ, ಆ ಮಗುವಿನ ತಾಯಿ ಮತ್ತು ಸೋದರಮಾವನ ಜೊತೆ ಶಾಲೆಗೆ ಹೋಗಿದ್ದೆ. ಹಿಂದಿಯಲ್ಲಿ ಬರೆದ ಅರ್ಜಿಯಲ್ಲಿ ಕೇಳಿದ್ದು ಮೂರೇ: ಹೆಸರು ತೆಗೆಯಬಾರದು, ಉಪಾಧ್ಯಾಯರ ಶೌಚಾಲಯವನ್ನು ಬಳಸಲು ಸದ್ಯಕ್ಕೆ ಅನುಮತಿ ಕೊಡಬೇಕು, ದೂರಿನ ಸಮಿತಿಯಲ್ಲಿ ಯಾರಿದ್ದಾರೆಂದು ತಿಳಿಸಬೇಕು. ಮೊದಲನೆಯದಕ್ಕೆ ಮುಖ್ಯೋಪಾಧ್ಯಾಯರು ಅಲ್ಲಿಯೇ ಒಪ್ಪಿದರು. ಎರಡನೆಯದಕ್ಕೆ ನೋಡೋಣ ಎಂದರು. ಮೂರನೆಯದನ್ನು ಓದಿ ಗುಮಾಸ್ತರನ್ನು ಕರೆದು ಏನೋ ಕೇಳಿದರು. ಅವರೂ ತಲೆ ಕೆರೆದುಕೊಂಡರು. ನಕಲಿನ ಮೇಲೆ ಮೊಹರು, ತಾರೀಖು ಹಾಕಿಸಿಕೊಂಡು ಬಂದಿದ್ದೇವೆ. ಬೇಕಾದವರಿಗೆ ಅರ್ಜಿಯ ನಮೂನೆ ವಾಚನಾಲಯದ ಮೇಜಿನ ಎಡಗಡೆಯ ಖಾನೆಯಲ್ಲಿದೆ.