ನೀಹಾರಿಕೆಗಳ ಮತ್ತು ನಕ್ಷತ್ರಗುಚ್ಛಗಳ ಛಾಯಾಗ್ರಹಣ: ಚಾಮರಾಜನಗರ, ಗುಂಡ್ಲುಪೇಟೆಗಳ ಆಕಾಶವನ್ನು ಕುರಿತು

ಪುಷ್ಯ ಮಾಘ ಮಾಸಗಳ ಕೃಷ್ಣಪಕ್ಷದಲ್ಲಿ, ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಕಡೆಗೆ ಹೊರಟು, ಊರಿನ ದೀಪಗಳನ್ನು ಬೆನ್ನಿಗೆ ಬಿಟ್ಟು ತಲೆಯೆತ್ತಿ ನೋಡಿದವರಿಗೆ ಮಹಾವ್ಯಾಧನು ಆಕಾಶದಲ್ಲಿ ಬಹು ಎತ್ತರಕ್ಕೆ ಏರಿ ನಿಂತಿರುವುದು ಕಾಣುತ್ತದೆ. ಅವನ ನಡುಪಟ್ಟಿಯಿಂದ ಇಳಿಬಿದ್ದ ಕತ್ತಿಯ ಮಧ್ಯದಲ್ಲಿ ಒಂದು ಚುಕ್ಕೆ ಮಾತ್ರ ಇತರ ಚುಕ್ಕೆಗಳಂತೆ ಸ್ಪಷ್ಟವಾಗಿಲ್ಲ. ಉಸಿರು ತಾಗಿದ ಕನ್ನಡಿಯಂತೆ ಮಸುಕಾಗಿದೆ. ಸಣ್ಣ ದೂರದರ್ಶಕದಲ್ಲಿ ನೋಡಿದರೆ ಅದು ಬೂದು ಬಣ್ಣದ ಮೋಡವಾಗುತ್ತದೆ. ಅದೇ ಭಾಗದಿಂದ ಸಾಮಾನ್ಯವಾದ ಒಂದು ಕ್ಯಾಮೆರಾ ಕೆಲವು ನಿಮಿಷಗಳ ಕಾಲ ಬೆಳಕನ್ನು ಕೂಡಿಸಿಕೊಂಡರೆ, ಕೆಂಪು ಬಣ್ಣದ ರೆಕ್ಕೆಗಳನ್ನು ಬಿಚ್ಚಿದ ವಿಸ್ತಾರವಾದ ಅನಿಲರಾಶಿಯೊಂದು ಚಿತ್ರದಲ್ಲಿ ಮೂಡುತ್ತದೆ. ನಮ್ಮಿಂದ ಸುಮಾರು 1,340 ಜ್ಯೋತಿರ್ವರ್ಷಗಳ ದೂರದಲ್ಲಿರುವ ಈ ನೀಹಾರಿಕೆಯಲ್ಲಿ ಇಂದಿಗೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ.

ಕಣ್ಣಿಗೂ ಕ್ಯಾಮೆರಾಕ್ಕೂ ಇರುವ ಭೇದವು ಒಂದೇ ಮಾತಿನಲ್ಲಿ ಅಡಗಿದೆ. ಕಣ್ಣು ಬಂದ ಬೆಳಕನ್ನು ಕ್ಷಣಮಾತ್ರದಲ್ಲಿ ಖರ್ಚುಮಾಡಿಬಿಡುತ್ತದೆ. ಕ್ಯಾಮೆರಾ ಅದನ್ನು ಕೂಡಿಡುತ್ತದೆ. ಈ ಕೂಡಿಡುವ ಕೆಲಸಕ್ಕೆ ಚಾಮರಾಜನಗರ ಜಿಲ್ಲೆಯ ಆಕಾಶ ಎಷ್ಟು ಅನುಕೂಲವಾದುದು, ಅಲ್ಲಿಯ ವಿಘ್ನಗಳಾವುವು, ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದರಿಂದ ಏನನ್ನು ಸಾಧಿಸಬಹುದು ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಹವ್ಯಾಸಿಗಳ ಕೊಡುಗೆ

1871ರ ಡಿಸೆಂಬರ್ 12ರಂದು ಸಂಭವಿಸಿದ ಪೂರ್ಣ ಸೂರ್ಯಗ್ರಹಣವನ್ನು ನೋಡಲು ವಿಜ್ಞಾನಿಗಳ ತಂಡಗಳು ದಕ್ಷಿಣ ಭಾರತಕ್ಕೆ ಬಂದವು. ಕಾಸರಗೋಡಿನ ಬೇಕಲದಲ್ಲಿಯೂ, ಗುಂಡ್ಲುಪೇಟೆಯಿಂದ ಊಟಿಯ ದಾರಿ ಹಿಡಿದರೆ ಸಿಗುವ ದೊಡ್ಡಬೆಟ್ಟದಲ್ಲಿಯೂ ಸೂರ್ಯನ ಕಿರೀಟದ ಛಾಯಾಚಿತ್ರಗಳನ್ನು ತೆಗೆಯಲಾಯಿತು. ಅಂದು ಬಳಕೆಯಲ್ಲಿದ್ದುದು ಹಸಿ ಫಲಕ. ಗಾಜಿನ ಮೇಲೆ ಲೇಪಿಸಿದ ದ್ರಾವಣ ಒಣಗುವುದರೊಳಗೆ ಅದರ ಕೆಲಸ ಮುಗಿಯಬೇಕು. ಕೆಲವೇ ಸೆಕೆಂಡುಗಳಲ್ಲಿ ಚಿತ್ರ ಕೊಡುವ ಕಿರೀಟಕ್ಕೆ ಅದು ಸಾಕಾಯಿತು, ನೀಹಾರಿಕೆಗೆ ಸಾಲದು. ಒಣ ಜೆಲಟಿನ್ ಫಲಕ ಬಳಕೆಗೆ ಬಂದ ಮೇಲೆ ಈ ತೊಡಕು ನೀಗಿತು. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ ಮಹಾವ್ಯಾಧ ನೀಹಾರಿಕೆಯ ಮೊದಲ ಛಾಯಾಚಿತ್ರವನ್ನು ಪಡೆದನು. 1883ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಆಂಡ್ರೂ ಏನ್‌ಸ್ಲಿ ಕಾಮನ್ ತನ್ನ 36 ಅಂಗುಲದ ದರ್ಪಣದಿಂದ ತೆಗೆದ ಚಿತ್ರದಲ್ಲಿ, ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೂ ಕಾಣದಿದ್ದ ನಕ್ಷತ್ರಗಳು ಮೂಡಿದ್ದುವು. 1888ರಲ್ಲಿ ಐಸಾಕ್ ರಾಬರ್ಟ್ಸ್ ದೇವಯಾನಿಯ ಸುರುಳಿಯಾಕಾರವನ್ನು ಚಿತ್ರದಲ್ಲಿ ತೋರಿಸಿದನು. ಅವನು ಕಟ್ಟಡ ನಿರ್ಮಾಣದ ವೃತ್ತಿಯವನು. ಖಗೋಳವಿಜ್ಞಾನದ ಈ ಶಾಖೆಯನ್ನು ಆರಂಭದಲ್ಲಿ ಬೆಳೆಸಿದವರಲ್ಲಿ ಹವ್ಯಾಸಿಗಳು ಮುಂದಿದ್ದರೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಅಂದಿನ ಫಲಕಗಳು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಮಾತ್ರ ದಾಖಲಿಸುತ್ತಿದ್ದುವು. 1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಬಾಯ್ಲ್ ಮತ್ತು ಸ್ಮಿತ್ ರೂಪಿಸಿದ ಸಿಸಿಡಿ ಎಂಬ ಸಿಲಿಕಾನ್ ಗ್ರಾಹಕವು ಅನುಕೂಲವಾದ ಬಣ್ಣಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ಹಿಡಿಯಬಲ್ಲುದು. ಇದಕ್ಕಾಗಿ ಅವರಿಗೆ 2009ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಇಂದಿನ ಸಾಮಾನ್ಯ ಡಿಜಿಟಲ್ ಕ್ಯಾಮೆರಾದ ಗ್ರಾಹಕವೂ ಸಿಲಿಕಾನಿನದೇ. ಆದುದರಿಂದ ಕಾಮನ್ನನ ದೊಡ್ಡ ದರ್ಪಣ ನಮ್ಮಲ್ಲಿ ಇಲ್ಲವೆಂದು ಕೊರಗಬೇಕಾದ ಕಾರಣವಿಲ್ಲ.

ಭೂಮಿಯ ತಿರುಗುವಿಕೆ

ಮೊದಲನೆಯ ವಿಘ್ನವು ನಾವು ನಿಂತಿರುವ ನೆಲದಿಂದಲೇ ಬರುತ್ತದೆ. ಭೂಮಿಯು ತನ್ನ ಅಕ್ಷದ ಮೇಲೆ 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ತಿರುಗುವುದರಿಂದ, ನಕ್ಷತ್ರಗಳು ಸೆಕೆಂಡಿಗೆ ಸುಮಾರು 15 ವಿಕಲೆಯಷ್ಟು ಸರಿಯುತ್ತವೆ. ಒಂದು ಅಂಶದ 3,600ನೆಯ ಒಂದು ಪಾಲೇ ವಿಕಲೆ. 50 ಮಿಲಿಮೀಟರ್ ಸಂಗಮದೂರದ ಮಸೂರವನ್ನು ಸ್ಥಿರವಾದ ಮುಕ್ಕಾಲಿಯ ಮೇಲಿಟ್ಟು ಹತ್ತು ಸೆಕೆಂಡು ತೆರೆದರೆ, ಖಗೋಳದ ವಿಷುವದ್ವೃತ್ತದ ಬಳಿಯ ನಕ್ಷತ್ರದ ಬಿಂಬವು ಗ್ರಾಹಕದ ಮೇಲೆ 36 ಮೈಕ್ರಾನಿನಷ್ಟು ಎಳೆದ ಗೆರೆಯಾಗುತ್ತದೆ. ಗ್ರಾಹಕದ ಒಂದೊಂದು ಕೋಶದ ಅಗಲ ಸುಮಾರು 4 ಮೈಕ್ರಾನ್ ಎಂದಿಟ್ಟುಕೊಂಡರೆ, ಬಿಂಬವು ಒಂಬತ್ತು ಕೋಶಗಳನ್ನು ದಾಟಿದಂತಾಯಿತು. 200 ಮಿಲಿಮೀಟರಿನ ಮಸೂರದಲ್ಲಿ ಇದು ನಾಲ್ಕು ಪಟ್ಟಾಗುತ್ತದೆ.

ಪರಿಹಾರವೆಂದರೆ, ಭೂಮಿ ತಿರುಗುವ ವೇಗದಲ್ಲಿಯೇ ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸುವುದು. ಇದಕ್ಕೆ ಮೋಟಾರಿನ ಪೀಠಗಳು ಮಾರಾಟಕ್ಕಿವೆ. ಆದರೆ ಊರಿನ ಬಡಗಿಯೇ ಮಾಡಿಕೊಡಬಹುದಾದ ಒಂದು ಸಾಧನವೂ ಉಂಟು. ಎರಡು ಹಲಗೆಗಳನ್ನು ಬಾಗಿಲಿನ ಕೀಲಿನಿಂದ ಜೋಡಿಸಿ, ಕೀಲಿನಿಂದ 228.6 ಮಿಲಿಮೀಟರ್ ದೂರದಲ್ಲಿ, ಸುತ್ತಿಗೆ ಒಂದು ಮಿಲಿಮೀಟರ್ ಮುಂದೆ ಸಾಗುವ ತಿರುಪನ್ನು ಕೂರಿಸಬೇಕು. ಈ ತಿರುಪನ್ನು ಗಡಿಯಾರ ನೋಡಿಕೊಂಡು ನಿಮಿಷಕ್ಕೆ ಒಂದು ಸುತ್ತಿನಂತೆ ತಿರುಗಿಸಿದರೆ ಮೇಲಿನ ಹಲಗೆಯು ನಕ್ಷತ್ರಗಳ ವೇಗದಲ್ಲಿಯೇ ಏಳುತ್ತದೆ. ತಿರುಪು ನೇರವಾಗಿರುವುದರಿಂದ ಸ್ವಲ್ಪ ತಪ್ಪು ಕೂಡಿಕೊಳ್ಳುವುದು ನಿಜ. ಆದರೆ ಹತ್ತು ನಿಮಿಷಗಳಲ್ಲಿ ಅದು ಸುಮಾರು 6 ವಿಕಲೆ ಮಾತ್ರ. 50 ಮಿಲಿಮೀಟರಿನ ಮಸೂರದಲ್ಲಿ ಒಂದು ಕೋಶವು ಸುಮಾರು 16 ವಿಕಲೆಯನ್ನು ಆವರಿಸುವುದರಿಂದ ಈ ತಪ್ಪು ಕಣ್ಣಿಗೆ ಬೀಳದು.

ಕೀಲಿನ ಅಕ್ಷವು ಖಗೋಳದ ಉತ್ತರ ಧ್ರುವವನ್ನು ನೋಡುತ್ತಿರಬೇಕು. ಗುಂಡ್ಲುಪೇಟೆಯ ಅಕ್ಷಾಂಶ ಸುಮಾರು 11.8 ಅಂಶ, ಚಾಮರಾಜನಗರದ್ದು ಸುಮಾರು 11.9 ಅಂಶ. ಹಾಗಾಗಿ ಧ್ರುವನಕ್ಷತ್ರವು ಇಲ್ಲಿ ದಿಗಂತದಿಂದ ಹನ್ನೆರಡು ಅಂಶದಷ್ಟು ಮಾತ್ರ ಮೇಲಿರುತ್ತದೆ. ಒಂದು ತೆಂಗಿನ ತೋಟವಾಗಲಿ ಚಳಿಗಾಲದ ಮಬ್ಬಾಗಲಿ ಅದನ್ನು ಮರೆಮಾಡಲು ಸಾಕು. ಆದಕಾರಣ ಉತ್ತರ ದಿಕ್ಕು ಬಯಲಾಗಿರುವ ಜಾಗವನ್ನು ಆರಿಸಿಕೊಳ್ಳತಕ್ಕದ್ದು. ಧ್ರುವನಕ್ಷತ್ರ ಕಾಣದಿದ್ದರೆ ಬೇರೊಂದು ಉಪಾಯವಿದೆ. ದಕ್ಷಿಣದ ಮಧ್ಯಾಹ್ನರೇಖೆಯ ಮೇಲೆ, ವಿಷುವದ್ವೃತ್ತಕ್ಕೆ ಹತ್ತಿರದಲ್ಲಿರುವ ನಕ್ಷತ್ರವೊಂದನ್ನು ಹಿಂಬಾಲಿಸುತ್ತ ಅದು ಜಾರುವ ದಿಕ್ಕನ್ನು ಗಮನಿಸಬೇಕು. ನಕ್ಷತ್ರವು ದಕ್ಷಿಣಕ್ಕೆ ಜಾರಿದರೆ ಅಕ್ಷವು ಪೂರ್ವಕ್ಕೆ ವಾಲಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ ವಾಲಿದೆ ಎಂದು ತಿಳಿದು ತಿದ್ದಿಕೊಳ್ಳಬಹುದು.

ಅಕ್ಷಾಂಶದ ಲಾಭ, ಋತುವಿನ ನಷ್ಟ

ಧ್ರುವನು ತಗ್ಗಿನಲ್ಲಿರುವುದು ಒಂದು ಅನಾನುಕೂಲವಾದರೂ ಅದೇ ಕಾರಣದಿಂದ ದಕ್ಷಿಣದ ಆಕಾಶವು ನಮಗೆ ತೆರೆದಿದೆ. ವೇಣು ಬಾಪು ಅವರು ಕಟ್ಟಿ ಬೆಳೆಸಿದ ತಮಿಳುನಾಡಿನ ಕಾವಲೂರು ವೀಕ್ಷಣಾಲಯಕ್ಕೂ ಇದೇ ಅನುಕೂಲವಿದೆ. ಅದರ ಅಕ್ಷಾಂಶ ಸುಮಾರು 12.6 ಅಂಶ. ಗುಂಡ್ಲುಪೇಟೆಯಲ್ಲಿ ಮಹಾವ್ಯಾಧ ನೀಹಾರಿಕೆಯು 73 ಅಂಶದ ಎತ್ತರಕ್ಕೂ, ಧನು ರಾಶಿಯ ಲಗೂನ್ ನೀಹಾರಿಕೆಯು 54 ಅಂಶದ ಎತ್ತರಕ್ಕೂ ಏರುತ್ತವೆ. ಲಂಡನ್ನಿನಲ್ಲಿ ಲಗೂನ್ 14 ಅಂಶವನ್ನು ಮೀರದು. ಕಿನ್ನರ ಮಂಡಲದ ಒಮೆಗಾ ಗೋಳಗುಚ್ಛವು ಲಂಡನ್ನಿನಲ್ಲಿ ಉದಯಿಸುವುದೇ ಇಲ್ಲ. ಸುಮಾರು ಒಂದು ಕೋಟಿ ನಕ್ಷತ್ರಗಳ ಆ ಗೋಳವು ಇಲ್ಲಿ 30 ಅಂಶಕ್ಕೂ ಮೇಲೇರುತ್ತದೆ. ದೇವನೌಕೆಯ ಈಟಾ ನೀಹಾರಿಕೆಯು 18 ಅಂಶದವರೆಗೆ ಮಾತ್ರ ಏರುವುದರಿಂದ, ಅದರ ಬೆಳಕು ನೆತ್ತಿಯ ಮೇಲಿನ ನಕ್ಷತ್ರದ ಬೆಳಕಿಗಿಂತ ಮೂರು ಪಟ್ಟಿಗೂ ಹೆಚ್ಚು ವಾಯುವನ್ನು ಹಾಯ್ದು ಬರುತ್ತದೆ. ಅಷ್ಟಾದರೂ ಅದು ನಮಗೆ ಎಟುಕುತ್ತದೆ.

ಋತುವು ಮಾತ್ರ ಇಷ್ಟು ಉದಾರವಾಗಿಲ್ಲ. ಆಕಾಶಗಂಗೆಯ ಸಮೃದ್ಧವಾದ ಭಾಗವಾದ ಧನು ವೃಶ್ಚಿಕಗಳು ನಡುರಾತ್ರಿಯಲ್ಲಿ ತಲೆಯ ಮೇಲೆ ಬರುವುದು ಜೂನ್ ತಿಂಗಳಲ್ಲಿ. ಅದೇ ಮುಂಗಾರಿನ ಕಾಲ. ಗುಂಡ್ಲುಪೇಟೆಯ ಹೊಲಗಳಲ್ಲಿ ಸೂರ್ಯಕಾಂತಿ ಚೆಂಡುಹೂಗಳು ಅರಳುವ ದಿನಗಳಲ್ಲಿ ಆಕಾಶಗಂಗೆಯು ಮೋಡದ ಹಿಂದೆ ಉಳಿಯುತ್ತದೆ. ಹಾಗೆಂದು ಅದನ್ನು ಬಿಟ್ಟುಕೊಡಬೇಕಾದುದಿಲ್ಲ. ಏಪ್ರಿಲ್ ಮಧ್ಯದಲ್ಲಿ ಲಗೂನ್ ನೀಹಾರಿಕೆಯು ಬೆಳಗಿನ ಜಾವ ಐದು ಗಂಟೆಗೆ ಸ್ವಲ್ಪ ಮುಂಚೆ ಮಧ್ಯಾಹ್ನರೇಖೆಗೆ ಬರುತ್ತದೆ. ಆದುದರಿಂದ ಇಲ್ಲಿಯ ಹವ್ಯಾಸಿಯು ಬೇಸಗೆಯ ನೀಹಾರಿಕೆಗಳನ್ನು ಮಾರ್ಚಿ ಏಪ್ರಿಲ್‌ಗಳ ಬೆಳಗಿನ ಜಾವದಲ್ಲಿ ಹಿಡಿಯಬೇಕು. ಮಹಾವ್ಯಾಧನಿಗೆ ಜನವರಿ ಮಧ್ಯದ ರಾತ್ರಿ ಹತ್ತೂವರೆ ಗಂಟೆ ಪ್ರಶಸ್ತ. ಚಳಿಗಾಲದಲ್ಲಿ ಮಸೂರದ ಮೇಲೆ ಕೂರುವ ಇಬ್ಬನಿಯನ್ನೂ, ಬೇಸಗೆಯ ಕಾಳ್ಗಿಚ್ಚಿನ ಹೊಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬಿದ್ದ ಬೆಂಕಿಯನ್ನು ಓದುಗರು ಮರೆತಿರಲಾರರು.

ಕತ್ತಲೆಯೆಂಬ ಸಂಪತ್ತು

ಮಸುಕಾದ ನೀಹಾರಿಕೆಯ ಬೆಳಕಿಗಿಂತ ಆಕಾಶದ ಹಿನ್ನೆಲೆಯ ಬೆಳಕೇ ಹೆಚ್ಚು. ಬೆಳಕು ಕಣಕಣವಾಗಿ ಬೀಳುವುದರಿಂದ ಆ ಹಿನ್ನೆಲೆಯಲ್ಲಿ ಏರಿಳಿತವಿದ್ದೇ ಇರುತ್ತದೆ; ನೀಹಾರಿಕೆಯು ಎದ್ದು ಕಾಣಬೇಕಾದರೆ ಈ ಏರಿಳಿತವನ್ನು ಮೀರಬೇಕು. ಅನೇಕ ಚಿತ್ರಗಳನ್ನು ತೆಗೆದು ಸರಾಸರಿ ಮಾಡಿದಾಗ ಏರಿಳಿತವು ಚಿತ್ರಗಳ ಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿ ಕುಗ್ಗುತ್ತದೆ. ಒಂದು ಚಿತ್ರದ ಬದಲು ನಾಲ್ಕನ್ನು ಕೂಡಿಸಿದರೆ ಅರ್ಧ, ಹದಿನಾರನ್ನು ಕೂಡಿಸಿದರೆ ಕಾಲುಭಾಗ. ಇದರ ಇನ್ನೊಂದು ಮುಖವೂ ಗಮನಾರ್ಹ: ಹಿನ್ನೆಲೆಯ ಬೆಳಕು ನಾಲ್ಕು ಪಟ್ಟಾದರೆ, ಅದೇ ಗುಣದ ಚಿತ್ರಕ್ಕೆ ನಾಲ್ಕು ಪಟ್ಟು ಕಾಲ ಬೇಕು. ಕತ್ತಲಿನ ಹೊಲದಲ್ಲಿ ಒಂದು ಗಂಟೆಗೆ ಆಗುವ ಕೆಲಸ ಬೆಳಕಿನ ಊರಿನಲ್ಲಿ ಒಂದು ರಾತ್ರಿಯ ಬಹುಭಾಗವನ್ನು ನುಂಗುತ್ತದೆ.

ಜಲಜನಕದ ನೀಹಾರಿಕೆಗಳು 656.3 ನ್ಯಾನೊಮೀಟರಿನ ಒಂದು ಕೆಂಪು ರೇಖೆಯಲ್ಲಿ ಬಹಳವಾಗಿ ಬೆಳಗುವುದರಿಂದ, ಆ ರೇಖೆಯನ್ನಷ್ಟೇ ಬಿಡುವ ಶೋಧಕವನ್ನು ಹಾಕಿ ಊರಿನ ಬೆಳಕನ್ನು ಬಹುಮಟ್ಟಿಗೆ ತಡೆಯಬಹುದು. ಸಾಮಾನ್ಯ ಕ್ಯಾಮೆರಾಗಳು ಈ ಕೆಂಪಿನ ಹೆಚ್ಚಿನ ಪಾಲನ್ನು ತಾವೇ ತಡೆಯುತ್ತವೆಂಬುದೂ ತಿಳಿದಿರಲಿ. ಆದರೆ ಕೃತ್ತಿಕೆಯನ್ನು ಸುತ್ತಿಕೊಂಡಿರುವ ನೀಲಿ ನೀಹಾರಿಕೆಯ ವಿಷಯ ಬೇರೆ. ಅದು ತಾನಾಗಿ ಬೆಳಗುವ ಅನಿಲವಲ್ಲ, ನಕ್ಷತ್ರಗಳ ಬೆಳಕನ್ನು ಪ್ರತಿಫಲಿಸುವ ಧೂಳು ಎಂಬುದನ್ನು 1912ರಲ್ಲಿ ಸ್ಲೈಫರ್ ಅದರ ವರ್ಣಪಟಲದಿಂದ ತೋರಿಸಿದನು. ನಕ್ಷತ್ರದ ಬೆಳಕು ಎಲ್ಲ ಬಣ್ಣಗಳಲ್ಲಿಯೂ ಹರಡಿದೆ. ಬೀದಿಗಳಲ್ಲಿ ಹಳೆಯ ಹಳದಿ ಸೋಡಿಯಂ ದೀಪಗಳ ಜಾಗದಲ್ಲಿ ಬಂದಿರುವ ಬಿಳಿಯ ಎಲ್‌ಇಡಿ ದೀಪಗಳ ಬೆಳಕೂ ಹಾಗೆಯೇ. ಎರಡನ್ನೂ ಬೇರ್ಪಡಿಸುವ ಶೋಧಕವಿಲ್ಲ. ಕೃತ್ತಿಕೆಯ ಧೂಳನ್ನು ನೋಡಬೇಕಾದರೆ ನಿಜವಾದ ಕತ್ತಲೆಯೇ ಬೇಕು.

ಗುಂಡ್ಲುಪೇಟೆಯ ದಕ್ಷಿಣಕ್ಕೆ ಅಂತಹ ಕತ್ತಲೆ ಇನ್ನೂ ಉಳಿದಿರುವುದಕ್ಕೆ ಬಂಡೀಪುರದ ಅರಣ್ಯ ಕಾರಣ. 2009ರಿಂದ ಅಲ್ಲಿಯ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ, ತುರ್ತು ವಾಹನಗಳೂ ಕೆಲವೇ ಬಸ್ಸುಗಳೂ ಹೊರತಾಗಿ, ಸಂಚಾರಕ್ಕೆ ನಿರ್ಬಂಧವಿದೆ. ವನ್ಯಮೃಗಗಳಿಗಾಗಿ ಮಾಡಿದ ಈ ಏರ್ಪಾಟಿನಿಂದ ದಕ್ಷಿಣ ದಿಗಂತದ ಕತ್ತಲೆಗೂ ಲಾಭವಾಗಿದೆ. ರಾತ್ರಿ ಅರಣ್ಯದೊಳಗೆ ಹೋಗುವಂತಿಲ್ಲ. ಕಾಡಂಚಿನ ಹೊಲಗಳಿಗೆ ಆನೆ ಬರುವುದೂ ಉಂಟು. ಆದಕಾರಣ ಕಾಡಿನಿಂದ ದೂರದಲ್ಲಿ, ಜಮೀನಿನ ಯಜಮಾನರ ಒಪ್ಪಿಗೆ ಪಡೆದು, ಮನೆಯೊಂದರ ಸಮೀಪದಲ್ಲಿಯೇ ಪೀಠ ಹೂಡುವುದು ವಿವೇಕ.

ಚಿತ್ರದಿಂದ ಅಳತೆಗೆ

ಅಂದವಾದ ಚಿತ್ರವು ತನ್ನಷ್ಟಕ್ಕೆ ಸಂತೋಷದ ವಸ್ತು. ಕಾಲೇಜಿನ ಪ್ರಯೋಗಶಾಲೆಗೆ ಅದಕ್ಕಿಂತ ಹೆಚ್ಚಿನದು ಅದರಲ್ಲಿದೆ. ಒಂದು ಗುಚ್ಛದ ನಕ್ಷತ್ರಗಳೆಲ್ಲ ನಮ್ಮಿಂದ ಹೆಚ್ಚುಕಡಮೆ ಒಂದೇ ದೂರದಲ್ಲಿರುವುದರಿಂದ, ಅವುಗಳ ತೋರಿಕೆಯ ಪ್ರಕಾಶದ ವ್ಯತ್ಯಾಸವು ನೈಜವಾದ ವ್ಯತ್ಯಾಸವೇ ಆಗಿರುತ್ತದೆ. ಚಿತ್ರದ ನೀಲಿ ಮತ್ತು ಹಸುರು ಭಾಗಗಳಲ್ಲಿ ಒಂದೊಂದು ನಕ್ಷತ್ರದ ಪ್ರಕಾಶವನ್ನು ಅಳೆದು, ಬಣ್ಣಕ್ಕೆ ಎದುರಾಗಿ ಪ್ರಕಾಶವನ್ನು ಗುರುತಿಸಿದರೆ ನಕ್ಷತ್ರಗಳು ಒಂದು ಓರೆಯಾದ ಪಟ್ಟಿಯಲ್ಲಿ ಸಾಲುಗೊಳ್ಳುತ್ತವೆ. ಸುಮಾರು ಹತ್ತು ಕೋಟಿ ವರ್ಷಗಳಿಗೆ ಮೇಲ್ಪಟ್ಟ ಕೃತ್ತಿಕೆಯಲ್ಲಿ ಈ ಪಟ್ಟಿಯ ನೀಲಿ ತುದಿ ಇನ್ನೂ ತುಂಬಿದೆ. ಅರುವತ್ತು ಕೋಟಿ ವರ್ಷಗಳಿಗೂ ಹಳೆಯದಾದ, ಕರ್ಕಾಟಕ ರಾಶಿಯಲ್ಲಿ ಪುಷ್ಯದ ಬಳಿಯಿರುವ ಗುಚ್ಛದಲ್ಲಿ ಆ ತುದಿ ಬರಿದಾಗಿ, ಕೆಲವು ನಕ್ಷತ್ರಗಳು ಉಬ್ಬಿ ಕೆಂಪಡರಿವೆ. ನಕ್ಷತ್ರಗಳ ಆಯುಸ್ಸನ್ನು ವಿದ್ಯಾರ್ಥಿಯು ತನ್ನ ಕೈಯಿಂದಲೇ ಗುರುತಿಸಿದಂತಾಗುತ್ತದೆ.

ಕೊನೆಯದಾಗಿ ಒಂದು ಸೂಚನೆ. ಪ್ರತಿ ವರ್ಷ ಜನವರಿಯ ಅಮಾವಾಸ್ಯೆಯ ಆಸುಪಾಸಿನಲ್ಲಿ, ಕೃತ್ತಿಕೆಯು ಮಧ್ಯಾಹ್ನರೇಖೆಯಲ್ಲಿರುವ ಸಮಯದಲ್ಲಿ, ಅದೇ ಎರಡು ಸ್ಥಳಗಳಿಂದ, ಎಂದರೆ ಚಾಮರಾಜನಗರದ ಕಾಲೇಜಿನ ಮಹಡಿಯಿಂದಲೂ ಗುಂಡ್ಲುಪೇಟೆಯ ಹೊರಗಿನ ಒಂದು ಹೊಲದಿಂದಲೂ, ಅದೇ ಮಸೂರ ಅದೇ ಕಾಲಾವಧಿಯಲ್ಲಿ ಒಂದೊಂದು ಚಿತ್ರವನ್ನು ತೆಗೆದು, ತಿದ್ದದೆ, ಕಾಪಿಡಬೇಕು. ಪ್ರಕಾಶ ಮೊದಲೇ ತಿಳಿದಿರುವ ಕೃತ್ತಿಕೆಯ ನಕ್ಷತ್ರಗಳೊಡನೆ ಹಿನ್ನೆಲೆಯನ್ನು ಹೋಲಿಸಿದರೆ, ಕತ್ತಲೆ ಎಷ್ಟು ಉಳಿದಿದೆ, ಎಷ್ಟು ಕಳೆದಿದೆ ಎಂಬುದು ಅಂಕೆಗಳಲ್ಲಿ ದೊರೆಯುತ್ತದೆ. ಇದಕ್ಕೆ ತಗಲುವ ಖರ್ಚು ಅಲ್ಪ. ಬೇಕಾದುದು ವರ್ಷ ತಪ್ಪದ ನಿಷ್ಠೆ. ಹತ್ತು ವರ್ಷಗಳಾದ ಮೇಲೆ, ಬೀದಿದೀಪಗಳಿಗೆ ಮುಸುಕು ಹಾಕಿ ಬೆಳಕನ್ನು ನೆಲದ ಕಡೆಗೆ ಮಾತ್ರ ಬಿಡಿರೆಂದು ಪುರಸಭೆಯನ್ನು ಕೇಳಿಕೊಳ್ಳುವವರ ಕೈಯಲ್ಲಿ ಬರಿಯ ಮಾತಲ್ಲದೆ ಒಂದು ದಾಖಲೆಯೂ ಇರುತ್ತದೆ.