ತಾಸೆಯವನ ಕಣ್ಣು

ಮಾರ್ನೆಮಿಯ, ಅಂದರೆ ನವರಾತ್ರಿಯ, ದಿನಗಳಲ್ಲಿ ಮಂಗಳೂರಿನ ಯಾವ ಓಣಿಯಲ್ಲಿ ನಿಂತರೂ ಹುಲಿವೇಷ ಕಣ್ಣಿಗೆ ಬೀಳುವ ಮೊದಲೇ ತಾಸೆ ಕಿವಿಗೆ ಬೀಳುತ್ತದೆ. ತೆಳುಕೋಲುಗಳ ಚಟಪಟ, ಅದರಡಿ ಡೋಲಿನ ಗುದ್ದು. ಮಕ್ಕಳು ಚಪ್ಪಲಿ ಹುಡುಕದೆ ಗೇಟಿಗೆ ಓಡುತ್ತಾರೆ.

ಬಲಶಾಲಿಯ ಬರವನ್ನು ವಾದ್ಯವೇ ಸಾರಬೇಕೆಂಬುದು ಅಮೆರಿಕದ ವೃತ್ತಿಪರ ಕುಸ್ತಿಗೂ ಗೊತ್ತಿತ್ತು. ಟೀವಿ ಹೊಸದಾಗಿದ್ದ ಕಾಲದಲ್ಲಿ ಗಾರ್ಜಿಯಸ್ ಜಾರ್ಜ್ ಎಂಬ ಮಲ್ಲ, ಪದವಿ ಪ್ರದಾನಕ್ಕೆ ನುಡಿಸುವ ಗಂಭೀರ ಸಂಗೀತ ಹಾಕಿಸಿಕೊಂಡು ರಾಜಗಾಂಭೀರ್ಯದಿಂದ ಕಣಕ್ಕೆ ಬರುತ್ತಿದ್ದ. 1980ರ ದಶಕದ ಆರಂಭದಲ್ಲಿ ಹಲ್ಕ್ ಹೋಗನ್ ಬರುತ್ತಿದ್ದುದು 'ಐ ಆಫ್ ದ ಟೈಗರ್' ಹಾಡಿನ ಮೇಲೆ. ಹುಲಿ ಅಲ್ಲಿಗೂ ಹೋಗಿತ್ತು ಎನ್ನಿ!

ಹಾಡಿನ ಹಿಂದೆ ತಾರೆಯರೂ ಬಂದರು. 1985ರ ಮಾರ್ಚ್ 31ರಂದು ನ್ಯೂಯಾರ್ಕಿನಲ್ಲಿ ನಡೆದ ಮೊದಲ ರೆಸಲ್‌ಮೇನಿಯಾದಲ್ಲಿ ಗಾಯಕಿ ಸಿಂಡಿ ಲಾಪರ್ ಕುಸ್ತಿಪಟು ವೆಂಡಿ ರಿಕ್ಟರ್ ಜೊತೆ ಬಂದರು. ಟೀವಿ ನಟ ಮಿಸ್ಟರ್ ಟಿ ಹೋಗನ್‌ಗೆ ಜೋಡಿಯಾಗಿ ಕಾದಾಡಿದರು, ಪಿಯಾನೊ ವಾದಕ ಲಿಬರಾಚಿ ಸಮಯಪಾಲಕ, ಮುಹಮ್ಮದ್ ಅಲಿ ರೆಫರಿಗಳಲ್ಲೊಬ್ಬರು. ಕುಸ್ತಿ ನೋಡದವರನ್ನೂ ಟಿಕೆಟ್ ಕೊಳ್ಳುವಂತೆ ಮಾಡುವ ಲೆಕ್ಕಾಚಾರ ಅದು.

ನಮ್ಮಲ್ಲಿ ಆ ಲೆಕ್ಕಾಚಾರ ಬೆಳ್ಳಿತೆರೆಯಲ್ಲಿ ನಡೆಯಿತು. 2019ರ 'ಪೈಲ್ವಾನ್'ನಲ್ಲಿ ಸುದೀಪ್ ಅಖಾಡಕ್ಕಿಳಿದದ್ದು ಅರ್ಜುನ್ ಜನ್ಯ ಸಂಗೀತದಲ್ಲಿ; ಗುರುವಾಗಿ ನಿಂತವರು ನಮ್ಮ ಮೂಲ್ಕಿಯ ಸುನಿಲ್ ಶೆಟ್ಟಿ. ಆದರೆ ಮಂಗಳೂರಿನ ನಿಜವಾದ ಅಖಾಡ ಬೇರೆ.

ಬೀದಿಬೀದಿ ತಿರುಗುತ್ತಿದ್ದ ಹುಲಿವೇಷ, ತುಳುವಿನ ಪಿಲಿವೇಷ, ಈಗ ಮೈದಾನದ ವೇದಿಕೆಯನ್ನೂ ಹತ್ತಿದೆ. ಪಿಲಿನಲಿಕೆ, ಪಿಲಿಪರ್ಬ ಎಂಬ ಹೆಸರುಗಳಲ್ಲಿ ತಂಡಗಳ ಸ್ಪರ್ಧೆ. ದೀಪ, ಧ್ವನಿವರ್ಧಕ, ತೀರ್ಪುಗಾರರು, ಮುಂದಿನ ಸಾಲಿನಲ್ಲಿ ಸಿನಿಮಾದವರು. 'ಉಳಿದವರು ಕಂಡಂತೆ' (2014), 'ಗರುಡ ಗಮನ ವೃಷಭ ವಾಹನ' (2021) ಚಿತ್ರಗಳ ಬಳಿಕ ಹುಲಿಕುಣಿತಕ್ಕೆ ಘಟ್ಟದ ಮೇಲೂ ಅಭಿಮಾನಿಗಳಿದ್ದಾರೆ. ವೇದಿಕೆ ಹತ್ತಿದ್ದರಿಂದ ಹುಲಿ ಕೆಟ್ಟಿತು ಎನ್ನುವವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹರಕೆಯ ಹುಲಿ ಬೀದಿಯಲ್ಲಿ ಇನ್ನೂ ಕುಣಿಯುತ್ತಿದೆ. ಬೇಸರವಾಗುವುದು ಗಣ್ಯರ ಭಾಷಣ ಮುಗಿಯುವವರೆಗೆ ಬಣ್ಣ ಬಳಿದುಕೊಂಡ ಹುಡುಗರು ಕಾಯುತ್ತ ನಿಲ್ಲುವುದಕ್ಕೆ. ಆ ಬಣ್ಣದೊಳಗಿನ ಉರಿ ಹಚ್ಚಿಕೊಂಡವರಿಗೇ ಗೊತ್ತು.

ಮುಡಿ ಹಾರಿಸುವ ಹೊತ್ತಿಗೆ ಎಲ್ಲ ಮರೆಯುತ್ತದೆ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿ, ತೂಕ ಸುಮಾರು 40 ಕಿಲೋ. ಅದನ್ನು ಹಲ್ಲಲ್ಲಿ ಕಚ್ಚಿ, ಸೊಂಟ ಬಾಗಿಸಿ, ಒಂದೇ ಏಟಿಗೆ ತಲೆಯ ಮೇಲಿಂದ ಹಿಂದಕ್ಕೆ ಎಸೆಯಬೇಕು. ರೆಸಲ್‌ಮೇನಿಯಾದಲ್ಲಿ ಗೆಲ್ಲುವವರು ಯಾರೆಂದು ಮೊದಲೇ ಬರೆದಿಟ್ಟಿರುತ್ತದೆ. ಮುಡಿಗೆ ಅಂಥ ಒಪ್ಪಂದ ಗೊತ್ತಿಲ್ಲ. ಕತ್ತು ತಪ್ಪಿದರೆ ತಪ್ಪಿತು. ಅದಕ್ಕೇ ತಾಸೆಯವನು ಹುಲಿಯ ಕಾಲಿನಿಂದ ಕಣ್ಣು ತೆಗೆಯುವುದಿಲ್ಲ. ಹೆಜ್ಜೆ ಗಟ್ಟಿಯಾಗುತ್ತಿದ್ದಂತೆ ಪೆಟ್ಟು ಬಿರುಸಾಗುತ್ತದೆ, ಮುಡಿ ನೆಲ ಬಿಟ್ಟ ಕ್ಷಣಕ್ಕೆ ಮೈದಾನವೇ ಕೂಗುತ್ತದೆ.

ಆಮೇಲೆ ಅತಿಥಿ ನಟನನ್ನು ವೇದಿಕೆಗೆ ಎಳೆಯುತ್ತಾರೆ. ಎರಡು ಹುಲಿಗಳ ನಡುವೆ ನಾಲ್ಕು ಹೆಜ್ಜೆ ಹಾಕಿಸದೆ ಬಿಡುವುದಿಲ್ಲ. ಸಾವಿರ ಮೊಬೈಲುಗಳು ಅವನತ್ತ ತಿರುಗುತ್ತವೆ. ತಾಸೆಯವನು ಮಾತ್ರ ಪಕ್ಕದ ಹುಲಿಯ ಕಾಲನ್ನೇ ನೋಡುತ್ತಿರುತ್ತಾನೆ.