ದಿವೆ ಘಾಟಿನಾಚೆ ಒಂದು ಬೆರಕೆ ಹಿಂಡು

ದಿವೆ ಘಾಟಿನ ಕೊನೆಯ ತಿರುವಿನಲ್ಲಿ ನಿಂತರೆ ಕೆಳಗೆ ಮಸ್ತಾನಿ ಕೆರೆ, ಅದರಾಚೆ ಹೊಗೆ ಮುಸುಕಿದ ಪುಣೆಯ ಹಡಪಸರ. ಬೆನ್ನು ತಿರುಗಿಸಿದರೆ ಬೇರೆಯೇ ಸೀಮೆ. ಸೀತಾಫಲ, ಅಂಜೂರ, ಬಟಾಣಿ; ಅಂಚಿನಲ್ಲಿ ಪುರಂದರ, ವಜ್ರಗಡದ ಜೋಡಿ ಕೋಟೆ. ಸಾಸವಡದ ಪೇಟೆ ಇನ್ನೂ ಬಂದಿರುವುದಿಲ್ಲ, ಅಷ್ಟರಲ್ಲಿ ಒಂದು ಮಣ್ಣುದಾರಿ ಕವಲೊಡೆಯುತ್ತದೆ. ಅದರ ತುದಿಯ ಅಂಜೂರದ ತೋಟದ ಬೇಲಿಗೆ ಬಂದು ಸ್ಕೂಟರಿನ ಹಾರ್ನ್ ಒತ್ತಿದರೆ ಒಳಗಿನಿಂದ ಐದಾರು ಗಂಟಲು ಒಟ್ಟಿಗೇ ಗುಳುಗುಳು ಎಂದು ಉತ್ತರ ಕೊಡುತ್ತವೆ. ಹಾರ್ನಿಗೇ ಆಗಬೇಕೆಂದಿಲ್ಲ. ಕೆಮ್ಮಿದರೂ ಆಯಿತು, ತಗಡಿನ ಬಾಗಿಲು ಬಡಿದರೂ ಆಯಿತು. ಟರ್ಕಿ ಹುಂಜ ಯಾವ ಸದ್ದನ್ನೂ ಸುಮ್ಮನೆ ಹೋಗಲು ಬಿಡುವುದಿಲ್ಲ.

ಡಿಸೆಂಬರಿನ ಬೆಳಗು. ಜಾಲಿಯ ಮರದಿಂದ ಹಕ್ಕಿಗಳು ಒಂದೊಂದಾಗಿ ಧೊಪ್ಪೆಂದು ಕೆಳಗಿಳಿಯುತ್ತಿವೆ. ಇಳಿದ ಮರುಗಳಿಗೆಯೇ ದೊಡ್ಡ ಹುಂಜ ಮೆರವಣಿಗೆ ಶುರು ಮಾಡುತ್ತದೆ. ಬಾಲ ಬೀಸಣಿಗೆಯಾಗಿ ಬಿಚ್ಚುತ್ತದೆ, ರೆಕ್ಕೆಯ ತುದಿ ನೆಲ ಗೀಚುತ್ತದೆ, ಎದೆಯೊಳಗೆ ಗುಂ ಎಂಬ ಒಂದು ಹೊಡೆತ. ಕೊಕ್ಕಿನ ಮೇಲಿನ ಮಾಂಸದ ಎಳೆ ಇಳಿಬಿದ್ದು ಗದ್ದ ದಾಟುತ್ತದೆ. ಕೆಂಪಿದ್ದ ತಲೆ ನೋಡನೋಡುತ್ತ ಬೆಳ್ಳಗಾಗಿ, ಕೆನ್ನೆ ನೀಲಿಯಾಗುತ್ತದೆ. ಎದೆಯ ನಡುವೆ ಕುದುರೆ ಬಾಲದ ಕೂದಲಿನಂಥ ಕಪ್ಪು ಕುಚ್ಚು. ಹೇಂಟೆಗಳು ಇದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅವುಗಳ ಲಕ್ಷ್ಯವೆಲ್ಲ ಕುದುರೆಮಸಾಲೆ ಸೊಪ್ಪಿನ ಕಂತೆಯ ಮೇಲೆ.

ಬಣ್ಣ ನೋಡಬೇಕು. ಕಂಚಿನ ಹೊಳಪಿನವು ನಾಲ್ಕೈದು. ಅಪ್ಪಟ ಬಿಳಿ ಎರಡು. ಬೂದಿ ನೀಲಿಯ ಮೈಗೆ ಕಪ್ಪು ಚುಕ್ಕಿ ಸಿಡಿದ ಒಂದು ಹೇಂಟೆ. ಇಜ್ಜಲುಗಪ್ಪಿನದು ಮತ್ತೊಂದು. ಉಳಿದವಕ್ಕೆ ಹೆಸರಿಡಲಾಗದು, ಒಂದೇ ಮೈಯಲ್ಲಿ ಕಂದು, ಬಿಳಿ, ಬೂದಿಯ ಪಟ್ಟೆ ಎಳೆದುಕೊಂಡು ಓಡಾಡುತ್ತವೆ. ಮಾಲೀಕರು ಕೋಥರೂಡಿನವರು, ರವಿವಾರ ಬರುತ್ತಾರೆ. ದಿನದ ಕೆಲಸ ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಬಂದ ದಂಪತಿಯದು. ಪುಣೆಯ ಸುತ್ತ ಯಾವ ತೋಟ, ಯಾವ ಕಟ್ಟಡ ಹೊಕ್ಕರೂ ಒಂದು ಕನ್ನಡದ ಮಾತು ಕೇಳಿಬರುವುದು ಹೊಸದಲ್ಲ.

“ಇವು ಜವಾರಿ ಏನ್ರಿ?” ಎಂದು ಕೇಳಿದೆ.

“ಜವಾರಿ ಎಲ್ಲೀದು ತಗೀರಿ. ಒಂದು ಸಂತ್ಯಾಗ ತಂದಿದ್ದು, ಒಂದು ಅಂಗಡ್ಯಾಗ ತಂದಿದ್ದು, ಒಂದು ಯಾರೋ ಸಾಕಾಕ ಆಗವಲ್ದು ಅಂತ ಬಿಟ್ಟು ಹೋಗಿದ್ದು. ಈಗ ಜವಾರಿ ಮಾಡಾಕತ್ತೀವಿ.” ಆಕೆ ಸೊಪ್ಪಿನ ಕಂತೆ ಬಿಚ್ಚುತ್ತಲೇ ಹೇಳಿದಳು.

ಬೆರಕೆ ಹಕ್ಕಿಯಿಂದ ಪಾರಂಪರಿಕ ಹಿಂಡು ಕಟ್ಟುವ ಇಡೀ ಕಸುಬು ಆ ಕೊನೆಯ ಮಾತಿನಲ್ಲೇ ಇದೆ. ಭಾರತದಲ್ಲಿ ಟರ್ಕಿಗೆ ಅಪ್ಪಟ ಕುಲ ಹುಡುಕುವವರು ಮೊದಲು ಅದು ಬಂದ ದಾರಿ ನೋಡಬೇಕು. ಮೆಕ್ಸಿಕೋದವರು ಪಳಗಿಸಿದ ಹಕ್ಕಿ. 16ನೇ ಶತಮಾನದಲ್ಲಿ ಸ್ಪೇನಿಗೆ ಹೋಯಿತು, ಪೋರ್ಚುಗೀಸರ ಹಡಗು ಹತ್ತಿ ಗೋವೆಗೆ ಬಂತು. 1612ರಲ್ಲಿ ಜಹಾಂಗೀರನ ಆಪ್ತ ಮುಕರ್ರಬ್ ಖಾನ್ ಗೋವೆಯಿಂದ ಒಯ್ದ ವಿಚಿತ್ರ ಪ್ರಾಣಿಗಳಲ್ಲಿ ಇದೂ ಒಂದು. ತಲೆ ಓತಿಕ್ಯಾತದ ಹಾಗೆ ಬಣ್ಣ ಬದಲಿಸುವುದನ್ನೂ ಕೊಕ್ಕಿನ ಮಾಂಸ ಆನೆಯ ಸೊಂಡಿಲಿನ ಹಾಗೆ ಇಳಿಯುವುದನ್ನೂ ಬಾದಶಹ ತನ್ನ ಆತ್ಮಕಥೆಯಲ್ಲಿ ಬೆರಗಿನಿಂದ ಬರೆದಿಟ್ಟ. ಉಸ್ತಾದ್ ಮನ್ಸೂರನಿಂದ ಚಿತ್ರ ಬರೆಸಿದ. ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಸಾಸವಡದ ಈ ಹುಂಜ ಅದರ ಎದುರು ನಿಂತರೆ ಕನ್ನಡಿ ನೋಡಿಕೊಂಡೆ ಎಂದುಕೊಳ್ಳಬಹುದು.

ಆಮೇಲೆ ಬಂದವು ಸರ್ಕಾರಿ ಕೇಂದ್ರಗಳ ವಿದೇಶಿ ತಳಿಗಳು. ಅಗಲ ಎದೆಯ ಕಂಚು, ಅಗಲ ಎದೆಯ ಬಿಳಿ, ಬೆಲ್ಟ್ಸ್‌ವಿಲ್ ಸಣ್ಣ ಬಿಳಿ. ಈ ಮೂರರ ರಕ್ತವೂ ಹಳೆಯ ನಾಟಿ ಕಪ್ಪು ಟರ್ಕಿಯ ರಕ್ತವೂ ಊರೂರಲ್ಲಿ ಕಲೆತುಹೋಗಿದೆ. ಚೆನ್ನೈನ ನಂದನಂ ಕೇಂದ್ರದವರು ಕಲೆಯುವುದನ್ನೇ ಕ್ರಮವಾಗಿ ಮಾಡಿ, ನಾಟಿ ಕಪ್ಪನ್ನೂ ಬೆಲ್ಟ್ಸ್‌ವಿಲ್ ಬಿಳಿಯನ್ನೂ ಕೂಡಿಸಿ ‘ನಂದನಂ ಟರ್ಕಿ-1’ ಮಾಡಿದರು. ನಮ್ಮ ಗಿರಿರಾಜ ಕೋಳಿಯೂ ಬೆಂಗಳೂರಿನಲ್ಲಿ ಬೆರಕೆಯಾಗಿಯೇ ಹುಟ್ಟಿತಲ್ಲ. ಹಾಗಾಗಿ ಬೆರಕೆ ಎಂಬುದಕ್ಕೆ ನಾಚುವ ಕಾರಣ ನನಗೆ ಕಾಣುವುದಿಲ್ಲ. ಈ ತೋಟದಿಂದ ಶಿಂದವಣೆ ಘಾಟು ಇಳಿದರೆ ಉರುಳಿ ಕಾಂಚನ. 1946ರಲ್ಲಿ ಗಾಂಧಿಯವರ ಜೊತೆ ಅಲ್ಲಿಗೆ ಬಂದು ಉಳಿದ ಮಣಿಭಾಯಿ ದೇಸಾಯಿ 1967ರಲ್ಲಿ ಬೈಫ್ ಸಂಸ್ಥೆ ಕಟ್ಟಿ, ಮಿಶ್ರತಳಿಯ ಹಸುವಿನಿಂದಲೇ ಬಡವರ ಮನೆಗೆ ಹಾಲು ಹರಿಸಿದ್ದು.

ಹಾಗಾದರೆ ಪಾರಂಪರಿಕ ಎನ್ನುವುದು ಯಾವುದಕ್ಕೆ? ಅಮೆರಿಕದ ಲೈವ್‌ಸ್ಟಾಕ್ ಕನ್ಸರ್ವೆನ್ಸಿ ಇಟ್ಟ ಅಳತೆ ನೇರವಾಗಿದೆ: ಹಕ್ಕಿ ತಾನೇ ಜೊತೆಗೂಡಿ ಮರಿ ಮಾಡಬೇಕು, ಹೇಂಟೆ ಐದರಿಂದ ಏಳು ವರ್ಷ, ಹುಂಜ ಮೂರರಿಂದ ಐದು ವರ್ಷ ಸಂತಾನಕ್ಕೆ ಒದಗಬೇಕು, ಮಾರುವ ತೂಕಕ್ಕೆ ಬರಲು ಸುಮಾರು 28 ವಾರ ತೆಗೆದುಕೊಳ್ಳಬೇಕು. ಕಾರ್ಖಾನೆಯ ಅಗಲ ಎದೆಯ ಬಿಳಿ ಟರ್ಕಿ ಮೊದಲ ಮೆಟ್ಟಿಲಲ್ಲೇ ಬೀಳುತ್ತದೆ. ಅದರ ಎದೆ ಎಷ್ಟು ಉಬ್ಬಿದೆಯೆಂದರೆ ಹುಂಜಕ್ಕೆ ಹೇಂಟೆಯನ್ನು ಏರಲಾಗುವುದಿಲ್ಲ. ಅಮೆರಿಕದ ಹಬ್ಬದ ಮೇಜಿಗೆ ಹೋಗುವ ಟರ್ಕಿಗಳಲ್ಲಿ ಬಹುಪಾಲು ಮನುಷ್ಯರು ಕೃತಕ ಗರ್ಭಧಾರಣೆ ಮಾಡಿಸಿದ ಹೇಂಟೆಗಳ ಮಕ್ಕಳು.

ಆ ರಕ್ತ ಈ ತೋಟದ ಹಿಂಡಿನಲ್ಲೂ ಅಲ್ಲಲ್ಲಿ ಹರಿದಿದೆ. ಹದಿನಾರು ವಾರಕ್ಕೇ ಉಳಿದವುಗಳ ಒಂದೂವರೆ ಪಟ್ಟು ತೂಗುವ ಮರಿ ಕಂಡರೆ ಆಕೆಯ ಗಂಡ ಅದರ ಕಾಲಿಗೆ ದಾರ ಕಟ್ಟುತ್ತಾನೆ. ನಾನು ಮೆಚ್ಚಿಕೊಂಡದ್ದು ಅಂಥದೊಂದು ಹುಂಜವನ್ನೇ.

“ಅದು ಕ್ರಿಸ್‌ಮಸ್ಸಿಗೆ ಹೊಕ್ಕೈತ್ರಿ. ಮರ ಏರಾಂಗಿಲ್ಲ, ಓಡಾಂಗಿಲ್ಲ. ಹ್ಯಾಟಿ ಮ್ಯಾಲ ಬಿದ್ದು ಬೆನ್ನ ಹರದ್ ಇಡ್ತೈತಿ.”

ಇಲ್ಲಿ ಪೇಟೆಯೂ ಹಿಂಡಿಗೆ ನೆರವಾಗುವ ಒಂದು ಸೊಗಸಿದೆ. ಕ್ಯಾಂಪು, ಖಡಕಿ ಕಡೆಯ ಕ್ರೈಸ್ತ ಮನೆಗಳಿಗೂ ಹೋಟೆಲುಗಳಿಗೂ ಡಿಸೆಂಬರಿನಲ್ಲಿ ದೊಡ್ಡ ಹಕ್ಕಿಯೇ ಬೇಕು. ಆಡು ಕುರಿಯಲ್ಲಾದರೆ ಒಳ್ಳೆಯದನ್ನು ಮಾರಿ ಉಳಿದದ್ದನ್ನು ಇಟ್ಟುಕೊಂಡು ಕುಲ ಕೆಡಿಸಿಕೊಂಡ ಹಳ್ಳಿಗಳುಂಟು. ಟರ್ಕಿಯಲ್ಲಿ ಅತಿ ತೂಕದ್ದನ್ನು ಕೊಟ್ಟುಬಿಡುವುದೇ ಆಯ್ಕೆ. ಮರದ ಕೊಂಬೆ ಹಿಡಿಯಬಲ್ಲ, ನೆಟ್ಟಗೆ ನಡೆಯಬಲ್ಲ, ಹೇಂಟೆಯ ಬೆನ್ನು ಹರಿಯದ ನಡು ಗಾತ್ರದ ಹುಂಜ ತೋಟದಲ್ಲಿ ಉಳಿಯುತ್ತದೆ. ಅಂಥ ಒಂದಕ್ಕೆ ಐದು ಹೇಂಟೆ ಎಂಬುದು ಲೆಕ್ಕ. ಭಾರಿ ತಳಿಯದಾದರೆ ಮೂರೇ.

ಬಣ್ಣದ ಮಾತು ಕೊನೆಗೆ ಬರಬೇಕು. ಆದರೆ ಹೊಸಬರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ. ಕಳೆದ ಹಂಗಾಮಿನಲ್ಲಿ ಇಲ್ಲಿ ಕಂಚಿನ ಹೇಂಟೆಯೊಂದು ಕಂಚಿನ ಹುಂಜಕ್ಕೆ ಕೂಡಿ ಮರಿ ಎಬ್ಬಿಸಿದಾಗ ಕಂದು ಪಟ್ಟೆಯ ಮರಿಗಳ ನಡುವೆ ಹಳದಿ ಮರಿಗಳು ಬಂದವಂತೆ. ಅವೇ ಬೆಳೆದು ಬಿಳಿಯಾದವು. ಬಿಳಿ ಅಡಗಿ ಕೂರುವ ಗುಣ. ತಂದೆ ತಾಯಿ ಇಬ್ಬರಲ್ಲೂ ಅಡಗಿದ್ದರೆ ಸರಾಸರಿ ನಾಲ್ಕರಲ್ಲೊಂದು ಮರಿಯಲ್ಲಿ ಹೊರಬೀಳುತ್ತದೆ. ಬೂದಿ ನೀಲಿ ಹಾಗಲ್ಲ, ಒಬ್ಬರಲ್ಲಿದ್ದರೂ ಮರಿಯ ಮೈಮೇಲೆ ಕಾಣಿಸಿಕೊಳ್ಳುತ್ತದೆ. ಒಂದೇ ಬಣ್ಣದ ಹಿಂಡು ಬೇಕೆಂದು ಹಟ ಹಿಡಿದವರು ಬಿಳಿ ಮರಿ ಕೊಟ್ಟ ಜೋಡಿಯನ್ನೇ ಬೇರ್ಪಡಿಸಬೇಕಾಗುತ್ತದೆ. ಕೋಥರೂಡಿನ ಮಾಲೀಕರಿಗೆ ಕಂಚು ಇಷ್ಟ. ಇಂಡಿಯ ದಂಪತಿಗೆ ಚುಕ್ಕಿಯ ಹೇಂಟೆ ಇಷ್ಟ, ಏಕೆಂದರೆ ಅದು ಕಾವಿಗೆ ಕೂತರೆ ನಾಯಿ ಬಂದರೂ ಏಳುವುದಿಲ್ಲ. ನನ್ನ ಮತ ದಂಪತಿಗೆ.

ಹುಂಜ ಬದಲಿಸುವಾಗ ಇನ್ನೊಂದು ಗುಟ್ಟಿದೆ. ಟರ್ಕಿ ಹೇಂಟೆ ಒಮ್ಮೆ ಕೂಡಿದ ಹುಂಜದ ಬೀಜವನ್ನು ಹೊಟ್ಟೆಯೊಳಗೆ ವಾರಗಟ್ಟಲೆ ಕಾಪಿಡುತ್ತದೆ. ಹಳೆಯ ಹುಂಜ ಸಂತೆಗೆ ಹೋದ ತಿಂಗಳ ಮೇಲೂ ಮೊಟ್ಟೆ ಅದರದೇ ಆಗಿರಬಹುದು. ಯಾವ ಮರಿ ಯಾರದು ಎಂದು ಬರೆದಿಡುವವರು ಎರಡು ತಿಂಗಳಾದರೂ ಕಾಯುವುದು ಲೇಸು. ಇನ್ನೂ ಸೋಜಿಗವೆಂದರೆ, 1950ರ ದಶಕದಲ್ಲಿ ಬೆಲ್ಟ್ಸ್‌ವಿಲ್‌ನ ಸಂಶೋಧಕ ಓಲ್ಸೆನ್ ಅಲ್ಲಿನ ಸಣ್ಣ ಬಿಳಿ ಹೇಂಟೆಗಳ ಮೊಟ್ಟೆಗಳಲ್ಲಿ ಹುಂಜದ ಸೋಂಕೇ ಇಲ್ಲದೆ ಭ್ರೂಣ ಬೆಳೆಯುವುದನ್ನು ಕಂಡ. ಅಪರೂಪಕ್ಕೆ ಮರಿಯೂ ಹೊರಬಂತು, ಎಲ್ಲವೂ ಗಂಡು. ಕರ್ಣನ ಕಥೆ ಕೇಳಿ ಬೆಳೆದ ನಮಗೆ ಇದನ್ನು ನಂಬುವುದು ಕಷ್ಟವಾಗಬಾರದು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೇಂಟೆಗಳು ಬೇಲಿಯ ಮೂಲೆಗೆ ಸರಿಯುತ್ತವೆ. ಟರ್ಕಿ ಮೊಟ್ಟೆಯಿಡುವುದು ಹೆಚ್ಚಾಗಿ ಮಧ್ಯಾಹ್ನವೇ. ಕೆನೆ ಬಣ್ಣದ ಮೇಲೆ ಕಂದು ಚುಕ್ಕಿ ಚಿಮುಕಿಸಿದ, ಸುಮಾರು 85 ಗ್ರಾಂ ತೂಗುವ ಮೊಟ್ಟೆ. ಮೂವತ್ತನೇ ವಾರಕ್ಕೆ ಶುರುವಾಗಿ ವರ್ಷಕ್ಕೆ 60ರಿಂದ 100. ಕೋಳಿಯ ಕಾವು 21 ದಿನವಾದರೆ ಇದರದು 28. ಮರಿ ಒಡೆದು ಬಂದ ಮೇಲೆ ನಿಜವಾದ ಪಾಡು. ಟರ್ಕಿ ಮರಿಗೆ ಹಸಿವಿದೆ, ತಿನ್ನುವುದು ಗೊತ್ತಿಲ್ಲ. ತಟ್ಟೆಯ ತುಂಬ ಕಾಳಿದ್ದರೂ ಮೊದಲ ವಾರ ಹಸಿದು ಸಾಯುವ ಮರಿಗಳಿವೆ. ಅದಕ್ಕೇ ಮೊದಲ ಹದಿನೈದು ದಿನ ಹತ್ತು ಮರಿಗೆ ಒಂದು ಬೇಯಿಸಿದ ಮೊಟ್ಟೆ ಪುಡಿಮಾಡಿ ಹಾಕುವುದು, ಲೀಟರ್ ನೀರಿಗೆ 100 ಮಿಲಿ ಹಾಲು ಬೆರೆಸುವುದು. ಇಲ್ಲಿ ಆಕೆ ಮರಿಗಳ ತಟ್ಟೆಯಲ್ಲಿ ಬಣ್ಣದ ಗಾಜಿನ ಗೋಲಿ ಇಡುತ್ತಾಳೆ. ಹೊಳೆಯುವುದನ್ನು ಕುಕ್ಕಲು ಹೋದ ಕೊಕ್ಕಿಗೆ ಕಾಳು ಸಿಗುತ್ತದೆ. ಮೊಮ್ಮಗ ಗೋಲಿ ಕದಿಯುತ್ತಾನೆ ಎಂಬುದೊಂದೇ ದೂರು.

ಇದೆಲ್ಲ ನಡೆದಿರುವುದು ದೇಶದ ಕೋಳಿ ಉದ್ಯಮದ ದೊಡ್ಡ ಮನೆಯೊಂದರ ಪಕ್ಕದಲ್ಲಿ. 1971ರಲ್ಲಿ ಬಿ.ವಿ. ರಾವ್ ಕಟ್ಟಿದ ವೆಂಕಟೇಶ್ವರ ಹ್ಯಾಚರೀಸಿನ ಕೇಂದ್ರ ಪುಣೆ. ಮೊಟ್ಟೆಯ ದರ ಹೇಳುವ ಎನ್‌ಇಸಿಸಿ 1982ರಲ್ಲಿ ಅವರದೇ ಮುಂದಾಳುತನದಲ್ಲಿ ಬಂತು. ಆರು ವಾರಕ್ಕೆ ಕತ್ತರಿಸಲು ಸಿದ್ಧವಾಗುವ ಕೋಳಿ ದೇಶಕ್ಕೆ ಅಗ್ಗದ ಮಾಂಸ ಕೊಟ್ಟಿತು, ಸುಳ್ಳಲ್ಲ. ಆದರೆ ಆ ಕೋಳಿಯ ತಾಯಿ ತಂದೆ ರೈತನ ಅಂಗಳದಲ್ಲಿಲ್ಲ. ಪ್ರತಿ ಸಲವೂ ಮರಿಯನ್ನು ಕೊಂಡೇ ತರಬೇಕು. ಈ ಜಾಲಿ ಮರದ ಕೆಳಗಿನ ಚುಕ್ಕಿ ಹೇಂಟೆ ಮುಂದಿನ ಹಿಂಡನ್ನು ತನ್ನ ರೆಕ್ಕೆಯಡಿಯಲ್ಲೇ ಎಬ್ಬಿಸುತ್ತದೆ. ನನ್ನ ಲೆಕ್ಕದಲ್ಲಿ ಪಾರಂಪರಿಕ ಎಂದರೆ ಇಷ್ಟೇ, ಬಣ್ಣದ ಹೆಸರಲ್ಲ, ಕಾಗದದ ವಂಶಾವಳಿಯೂ ಅಲ್ಲ.

ಶುರು ಮಾಡುವ ಮನಸ್ಸಿದ್ದವರಿಗೆ ನಾಲ್ಕು ಮಾತು. ಒಂದೇ ಮನೆಯ ಅಣ್ಣತಂಗಿ ಮರಿ ತರಬೇಡಿ, ಎರಡು ಮೂರು ಬೇರೆ ಊರುಗಳಿಂದ ತನ್ನಿ. ರಾಣಿಖೇತ್ ಲಸಿಕೆ ತಪ್ಪಿಸಬೇಡಿ. ಕೋಳಿಗಳ ಜೊತೆ, ಕೋಳಿ ಇದ್ದ ನೆಲದಲ್ಲಿ, ಟರ್ಕಿ ಬಿಡಬೇಡಿ. ಕೋಳಿಯ ಹೊಟ್ಟೆಯ ಹುಳುವಿನ ಮೊಟ್ಟೆಯಲ್ಲಿ ಕೂತು ಬರುವ ಕರಿತಲೆ ರೋಗ ಕೋಳಿಗೆ ಅಷ್ಟೇನೂ ಮಾಡದು, ಟರ್ಕಿಯ ಯಕೃತ್ತನ್ನು ಕೊರೆದು ಹಿಂಡನ್ನೇ ಗುಡಿಸಿಹಾಕಬಲ್ಲದು. ಮೊದಲ ಡಿಸೆಂಬರಿನಲ್ಲಿ ತೂಕದ ಹುಂಜಗಳನ್ನು ಕೇಳಿದ ಬೆಲೆಗೆ ಕೊಟ್ಟುಬಿಡಿ. ಹೇಂಟೆಗಳನ್ನು ಮಾತ್ರ, ಯಾರು ಎಷ್ಟೇ ಕೊಡಲಿ, ಎರಡನೇ ವರ್ಷ ಕಾವಿಗೆ ಕೂರುವುದನ್ನು ನೋಡುವ ತನಕ ಮಾರಬೇಡಿ.